ಒಂಬತ್ತು ಕಿಲೋ ಎಲ್ಲಿ ಹೋಯಿತು?

ನನ್ನ ಹೆಂಡತಿ ರೇಸ್ ಕಾರಿನೊಳಗೆ ಸಿಕ್ಕಿಹಾಕಿಕೊಂಡಿದ್ದಳು.

ಹತ್ತುವಾಗ ಗತ್ತಿನಿಂದಲೇ ಹತ್ತಿದ್ದಳು. ಆದರೆ ಆ ಸೀಟು ನಮ್ಮ ಹುಡುಗಿಯ ಮೈಗೆ ಅಚ್ಚು ಹೊಯ್ದು ಮಾಡಿಸಿದ್ದು, ಹುಡುಗಿಯ ತೂಕ ಐವತ್ತೇಳು ಕಿಲೋ. ನನ್ನ ಹೆಂಡತಿಯ ತೂಕ ಎಷ್ಟು ಎಂಬುದು ಮದುವೆಯಾಗಿ ಮೂವತ್ತೊಂದು ವರ್ಷವಾದರೂ ನನಗೆ ಗೊತ್ತಿರಲಿಲ್ಲ. ನಾನು ಟೈಲರ್, ಅವಳ ಅಳತೆಗಳೆಲ್ಲ ನನಗೆ ಬಾಯಿಪಾಠ. ತೂಕ ಕೇಳುವ ಧೈರ್ಯ ಮಾತ್ರ ಬಂದಿರಲಿಲ್ಲ. ಅವತ್ತು ಬೆಳಿಗ್ಗೆ ಗ್ಯಾರೇಜಿನ ನಟ್ಟನಡುವೆ, ಹತ್ತು ಜನ ಗಂಡಸರ ಎದುರಿಗೆ, ಅವಳೇ ಅದನ್ನು ಸಾರಿದಳು.

"ಎಪ್ಪತ್ತೊಂದು ಕಿಲೋ. ಮನೆಯಿಂದ ಹೊರಡೋ ಮುಂಚೆ ನನ್ನ ತಕ್ಕಡೀಲೇ ನೋಡ್ಕೊಂಡು ಬಂದಿದೀನಿ. ಮೇಸ್ತ್ರಿ, ತೂಕದ ಪರದೆ ಮೇಲೆ ಎಷ್ಟಿದೆ ಓದಿ."

ಮೇಸ್ತ್ರಿ ಅಂದರೆ ನಮ್ಮ ಹುಡುಗಿಯ ಕಾರಿನ ಹಿರಿಯ ಮೆಕ್ಯಾನಿಕ್. ದಪ್ಪ ಮೀಸೆ, ದಪ್ಪ ಬೆರಳು, ಮೆತ್ತನೆ ಮನಸ್ಸು.

"ಐನೂರ ಅರವತ್ತೆರಡು, ಮೇಡಂ."

"ಬರೀ ಕಾರು ಎಷ್ಟು ತೂಗಬೇಕು?"

"ಸರಿಯಾಗಿ ಐನೂರು. ಸೀಸನ್ ಶುರುವಿನಲ್ಲಿ ಅಧಿಕಾರಿಗಳೇ ತೂಗಿ ಚೀಟಿ ಕೊಟ್ಟಿದಾರೆ. ಟ್ಯಾಂಕ್ ಖಾಲಿ ಇದ್ದಾಗಿನ ತೂಕ. ಈಗಲೂ ಖಾಲಿನೇ."

"ಐನೂರಕ್ಕೆ ಎಪ್ಪತ್ತೊಂದು ಸೇರಿಸಿದ್ರೆ?"

"ಐನೂರ ಎಪ್ಪತ್ತೊಂದು."

"ಹಾಗಾದ್ರೆ ಒಂಬತ್ತು ಕಿಲೋ ಎಲ್ಲಿ ಹೋಯ್ತು? ನಾನಂತೂ ಇಳಿದಿಲ್ಲ!"

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಎರಡು ತಿಂಗಳಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ನನಗೆ ಅಷ್ಟೇ ಸಾಕಾಗಿತ್ತು, ಒಂಬತ್ತು ಕಿಲೋ ಎಲ್ಲಿಗಾದರೂ ಹೋಗಲಿ ಅನ್ನಿಸಿತು.

ಇದಕ್ಕೆಲ್ಲ ಕಾರಣ ಹಿಂದಿನ ವಾರದ ಒಂದು ಮಾತು: ಹುಡುಗಿಯ ಕಾರನ್ನು ಮೂರು ಸುತ್ತು ಓಡಿಸಿ ಇಳಿದ ಗಡಿಯಾರ, "ಈ ಕಾರು ಎಡಕ್ಕೊಂದು ಥರ, ಬಲಕ್ಕೊಂದು ಥರ ತಿರುಗುತ್ತೆ" ಎಂದಿದ್ದ.

ಗಡಿಯಾರ ಅವಳ ಜೊತೆಗಾರ. ಒಂದೇ ತಂಡ, ಒಂದೇ ಬಣ್ಣ, ಒಂದೇ ಥರದ ಎರಡು ಕಾರು. ಪ್ರತಿ ಸುತ್ತನ್ನೂ ಒಂದೇ ಸಮಯಕ್ಕೆ ಮುಗಿಸುತ್ತಾನೆಂದು ಅವನಿಗೆ ಆ ಹೆಸರು. ಸೀಸನ್ನಿನ ಮೊದಲ ರೇಸನ್ನು ನಮ್ಮ ಹುಡುಗಿ ಗೆದ್ದಳು. ಆಮೇಲಿನ ಆರನ್ನೂ ಅವನು ಗೆದ್ದ. ಆ ಆರರಲ್ಲಿ ಹುಡುಗಿ ಹತ್ತನೆಯವಳು, ಹನ್ನೆರಡನೆಯವಳು, ಒಮ್ಮೆ ಹದಿನಾಲ್ಕನೆಯವಳು. ಅವನ ಕಾರಿನ ಹೊಂದಾಣಿಕೆಯನ್ನೇ ಅಚ್ಚುಕಟ್ಟಾಗಿ ಇವಳ ಕಾರಿಗೆ ಇಳಿಸಿ ನೋಡಿದರು. ಆಗ ಇನ್ನೂ ನಿಧಾನವಾದಳು.

"ಕಾರಲ್ಲ ಮಾವ, ನಾನೇ" ಅಂದಿದ್ದಳು ನನ್ನ ಅಂಗಡಿಯ ಕಟಿಂಗ್ ಮೇಜಿನ ಮೇಲೆ ಕೂತು. "ಗೆಲ್ಲೋದು ಹೇಗೆ ಅಂತಲೇ ಮರೆತುಹೋಗಿದೆ ನಂಗೆ."

ಅವಳು ನನ್ನ ಹೆಂಡತಿಯ ಅಣ್ಣನ ಮಗಳು. ನಮಗೆ ಮಕ್ಕಳಿಲ್ಲ. ಆ ಮಾತು ಕೇಳಿದ ದಿನ ನಾನು ಒಂದು ಕೋಟಿನ ಎರಡು ತೋಳನ್ನೂ ಒಂದೇ ಕಡೆಗೆ ಹೊಲಿದೆ.

ತಂಡದ ಯಜಮಾನರು ಹಿಂದಿನ ದಿನ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಅವತ್ತು ಮಧ್ಯಾಹ್ನದ ಅರ್ಹತಾ ಓಟದಲ್ಲಿ ಗಡಿಯಾರನ ಸಮಯಕ್ಕೆ ಅರ್ಧ ಸೆಕೆಂಡಿನ ಒಳಗೆ ಬರಬೇಕು. ಬಂದರೆ ಸೀಟು ಅವಳದೇ. ಇಲ್ಲವೇ ಮರುದಿನದ ರೇಸಿನಿಂದ ಆ ಸೀಟು ಯಜಮಾನರ ಅಳಿಯನದು. ಅಳಿಯ ಎರಡು ವರ್ಷದಿಂದ ಬದಲಿ ಚಾಲಕನಾಗಿ, ಇಸ್ತ್ರಿ ಮಾಡಿದ ರೇಸ್ ಸೂಟ್ ಹಾಕಿಕೊಂಡು ಗ್ಯಾರೇಜಿನ ಗೋಡೆಗೆ ಒರಗಿ ನಿಂತಿದ್ದ. ಸೂಟ್ ನಾನೇ ಹೊಲಿದದ್ದು, ಇನ್ನೂ ಒಂದು ಮಡಿಕೆ ಬಿದ್ದಿಲ್ಲ.

ಸರಿ, ಮೊದಲು ಹೆಂಡತಿಯನ್ನು ಹೊರಗೆ ತೆಗೆಯಬೇಕಿತ್ತು. ಒಂದು ಕೈ ನಾನು ಹಿಡಿದೆ, ಇನ್ನೊಂದು ಕೈ ಗಡಿಯಾರ ಹಿಡಿದ.

"ಅಮ್ಮ, ಉಸಿರು ಬಿಡಿ."

"ಬಿಟ್ಟಿದೀನಪ್ಪ."

"ಇನ್ನೂ ಸ್ವಲ್ಪ."

"ಇನ್ನೂ ಬಿಟ್ರೆ ಪ್ರಾಣನೇ ಹೋಗುತ್ತೆ!"

ಬಾಟಲಿಯ ಬಿರಡೆ ಕಿತ್ತ ಹಾಗೆ ಒಂದು ಸದ್ದಾಯಿತು, ಅವಳು ಹೊರಗೆ ಬಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಸೆರಗು ಸರಿಮಾಡಿಕೊಂಡು, ಏನೂ ಆಗೇ ಇಲ್ಲವೆಂಬಂತೆ ಚಕ್ರಗಳ ಕಡೆ ತಿರುಗಿದಳು.

ಇಲ್ಲಿ ಒಂದು ವಿಷಯ ತಿಳಿದಿರಬೇಕು. ರೇಸಿಗೆ ಮುಂಚೆ ಕಾರನ್ನು ನಾಲ್ಕು ತೂಕದ ಹಲಗೆಗಳ ಮೇಲೆ ನಿಲ್ಲಿಸುತ್ತಾರೆ, ಒಂದೊಂದು ಚಕ್ರದ ಕೆಳಗೆ ಒಂದೊಂದು. ಸೀಟಿನಲ್ಲಿ ಚಾಲಕರಷ್ಟೇ ತೂಕದ ಮರಳುಚೀಲ. ನಾಲ್ಕು ಕಾಲಿಗೂ ಭಾರ ಸರಿಯಾಗಿ ಹಂಚುವ ತನಕ ಸ್ಪ್ರಿಂಗುಗಳನ್ನು ತಿರುಪುತ್ತಾರೆ. ಒಂದು ಕಾಲಿಗೆ ಭಾರ ಹೆಚ್ಚಾದರೆ ಕಾರು ಕುಂಟುವ ಮಂಚವಾಗುತ್ತದೆ. ಎಡ ತಿರುವಿನಲ್ಲಿ ಮೂಗು ಹೊರಗೆ ಜಾರುತ್ತದೆ, ಬಲ ತಿರುವಿನಲ್ಲಿ ಬಾಲ ಅಲ್ಲಾಡುತ್ತದೆ.

ನನ್ನ ಹೆಂಡತಿಗೆ ರೇಸ್ ಗೊತ್ತಿಲ್ಲ, ಆದರೆ ತೂಕ ಗೊತ್ತು. ಮೂವತ್ತು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವಳು. ಅವಳು ಬೀದಿಗೆ ಕಾಲಿಟ್ಟರೆ ತರಕಾರಿಯವರು ಮೊದಲೇ ಎರಡು ಈರುಳ್ಳಿ ಹೆಚ್ಚಿಗೆ ಹಾಕಿಡುತ್ತಿದ್ದರು. ಮರಳುಚೀಲವನ್ನು ನಂಬದೆ ತಾನೇ ಸೀಟಿಗೆ ಇಳಿದದ್ದು ಅದೇ ಅಭ್ಯಾಸದಿಂದ.

"ಮೇಸ್ತ್ರಿ, ಕಾರನ್ನ ಹಲಗೆಯಿಂದ ಇಳಿಸಿ" ಅಂದಳು.

ಮೇಸ್ತ್ರಿಯ ಕೈ ಸ್ವಿಚ್ಚಿನ ಕಡೆ ಹೋಯಿತು.

"ಅದ್ಯಾಕೆ ಆರಿಸ್ತೀರಿ?"

"ಬ್ಯಾಟರಿ ಉಳೀಲಿ ಅಂತ, ಮೇಡಂ. ಯಾವಾಗಲೂ ಆರಿಸೇ ಕಾರು ಇಳಿಸೋದು."

"ಇವತ್ತು ಆರಿಸಬೇಡಿ."

ಮೇಸ್ತ್ರಿಯ ಮೀಸೆ ಸ್ವಲ್ಪ ಅಲುಗಿತು. ನಾಲ್ಕು ಜನ ಕಾರನ್ನು ಹಿಂದಕ್ಕೆ ತಳ್ಳಿದರು. ಹಲಗೆಗಳು ಬರಿದಾದವು. ನಾವೆಲ್ಲ ಪರದೆಯತ್ತ ಬಾಗಿದೆವು.

ಸೊನ್ನೆ. ಸೊನ್ನೆ. ಸೊನ್ನೆ. ಎಡ ಹಿಂದಿನ ಚಕ್ರದ ಹಲಗೆಯಲ್ಲಿ ಮಾತ್ರ ಮೈನಸ್ ಆರು.

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಅದು ಆರೇ ಆಗಿತ್ತು.

"ಖಾಲಿ ಹಲಗೆ ಆರು ಕಿಲೋ ಕಡಿಮೆ ತೋರಿಸುತ್ತೆ ಅಂದ್ರೆ," ಹೆಂಡತಿ ನಿಧಾನವಾಗಿ ಹೇಳಿದಳು, "ಸೊನ್ನೆಗೆ ಇಡುವಾಗ ಅದರ ಮೇಲೆ ಆರು ಕಿಲೋದ್ದು ಏನೋ ಇತ್ತು. ಆಮೇಲೆ ಅದನ್ನ ಎತ್ಕೊಂಡಿದಾರೆ. ಇದು ಹಳೇ ಅಂಗಡಿಯವರ ಆಟ. ನಾನು ನೋಡದೆ ಇರೋದೇನಲ್ಲ."

ಅವಳು ಮೇಸ್ತ್ರಿಯ ಎದುರಿಗೆ ಹೋಗಿ ನಿಂತಳು. ಅವನ ಎದೆಯ ಎತ್ತರಕ್ಕೂ ಬರುವುದಿಲ್ಲ. ಆದರೂ ಅವನೇ ಒಂದು ಹೆಜ್ಜೆ ಹಿಂದೆ ಸರಿದ.

"ಪ್ರತಿ ರೇಸಿಗೂ ಏನೇನು ಮಾಡ್ತೀರೋ ಅದನ್ನೇ ಒಂದು ಹೆಜ್ಜೆನೂ ಬಿಡದೆ ಮಾಡಿ ಅಂದಿದ್ದೆ. ಮಾಡಿದ್ರಾ?"

"ಮಾಡಿದೆ."

"ಎಡ ಹಿಂದಿನ ಹಲಗೆ ಮೇಲೆ ಏನಿಟ್ಟಿದ್ರಿ?"

ಮೇಸ್ತ್ರಿಯ ಕಿವಿ ಕೆಂಪಾಯಿತು. ನನಗೂ ಈಗ ನೆನಪಾಯಿತು: ಬೆಳಿಗ್ಗೆ ಅವನು ನಮಗೆ ಬೆನ್ನು ಮಾಡಿ, ಬಟ್ಟೆ ಮುಚ್ಚಿದ ಏನನ್ನೋ ಅಲ್ಲಿಟ್ಟು ಎತ್ತಿದ್ದ. ಊಟದ ಡಬ್ಬಿ ಇರಬೇಕೆಂದು ನಾನು ಸುಮ್ಮನಿದ್ದೆ.

"ಗಡಿಯಾರನ ಕಾರು ತೂಗುವಾಗ ಅದನ್ನ ಇಡಲ್ವಾ?"

"ಅವರದ್ದು ಮೊದಲೇ ಮುಗಿಯುತ್ತೆ. ಅವರ ಮೆಕ್ಯಾನಿಕ್ ಬೇರೆ. ಇದು... ಇದು ಬರೀ ಅಕ್ಕೋರ ಕಾರಿಗೆ."

"ಬರೀ ಅವಳ ಕಾರಿಗೇ! ಯಾರು ಹೇಳಿಕೊಟ್ರು? ಎಷ್ಟು ಕೊಟ್ರು?"

"ಅಯ್ಯೋ, ಏನು ಮಾತಾಡ್ತೀರಿ ಮೇಡಂ!" ಅವನ ದನಿ ಒಡೆಯಿತು. "ನನ್ನ ಮಗಳಿಗಿಂತ ಹೆಚ್ಚು ಅವರು ನಂಗೆ!"

"ಹಾಗಾದ್ರೆ ತೋರಿಸಿ."

ಮೇಸ್ತ್ರಿ ಮೂಲೆಯ ಕಪಾಟಿಗೆ ಹೋದ. ಎರಡೂ ಕೈಯಲ್ಲಿ ಅದನ್ನು ಎತ್ತಿಕೊಂಡು ಬಂದ, ಬಟ್ಟೆ ಸರಿಸಿದ. ಮೊದಲ ರೇಸಿನಲ್ಲಿ ನಮ್ಮ ಹುಡುಗಿ ಗೆದ್ದ ಬಹುಮಾನದ ಕಪ್ ಅದು.

"ಅವರ ಮೊದಲನೇ ಕಪ್" ಅಂದ, ನೆಲ ನೋಡುತ್ತ. "ಒಳ್ಳೇದಾಗ್ಲಿ ಅಂತ... ಸೀಟಿಗೆ ಹತ್ರ ಅಂತ ಆ ಹಲಗೆ ಮೇಲೆ ಒಂದು ಗಳಿಗೆ ಇಡ್ತಿದ್ದೆ. ಮನಸ್ಸಲ್ಲೇ ಒಂದು ಮಾತು ಹೇಳ್ಕೊಂಡು, ಸ್ವಿಚ್ ಹಾಕಿ, ಸೊನ್ನೆ ಮಾಡಿ, ಎತ್ತಿ, ತಕ್ಷಣ ಕಾರು ಹತ್ತಿಸ್ತಿದ್ದೆ. ಎರಡನೇ ರೇಸಿಂದ ಒಂದ್ಸಲನೂ ತಪ್ಪಿಸಿಲ್ಲ. ಅವರು ಸೋತಷ್ಟೂ ಇನ್ನೂ ಭಕ್ತಿಯಿಂದ ಇಡ್ತಿದ್ದೆ."

ಹುಡುಗಿ ಅವನನ್ನು ನೋಡಿದಳು. ಕಪ್ಪನ್ನು ನೋಡಿದಳು. ಆಮೇಲೆ ಶುರುವಾಯಿತು ನೋಡಿ ಅವಳ ನಗು. ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕಳು. "ಅಂದ್ರೆ ನಾನಲ್ಲ! ಅತ್ತೆ, ನಾನಲ್ಲ! ನಂಗೇನೂ ಆಗಿಲ್ಲ!" ಅಂತ ಎದ್ದು ಮೇಸ್ತ್ರಿಯ ಕೊರಳಿಗೆ ಬಿದ್ದಳು. ಅವನು ಗಳಗಳನೆ ಅತ್ತುಬಿಟ್ಟ. ಯಜಮಾನರು ಸಿಟ್ಟಾಗಬೇಕೋ ನಗಬೇಕೋ ತಿಳಿಯದೆ ಕನ್ನಡಕವನ್ನೇ ಮತ್ತೆ ಮತ್ತೆ ಒರೆಸಿದರು. ನನ್ನ ಕಣ್ಣೂ ಒದ್ದೆಯಾಗಿತ್ತು, ಅದರಲ್ಲಿ ಮುಚ್ಚಿಡುವುದೇನಿದೆ.

ಹೆಂಡತಿಗೆ ಮಾತ್ರ ನಗು ಬರಲಿಲ್ಲ.

"ಈ ಕಪ್ ಇಡೋ ವಿಷಯ ಯಾರ್ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ ಮೇಡಂ. ಗಡಿಯಾರ ಸಾಹೇಬ್ರು ಒಂದ್ಸಲ ನೋಡಿ ನಕ್ಕಿದ್ರು. ಅಳಿಯಂದ್ರು ಒಂದ್ಸಲ ಫೋಟೋ ತೆಗೆದ್ರು. ಅಷ್ಟೇ."

"ಕಪಾಟಿಗೆ ಬೀಗ?"

"ಇಲ್ಲ."

ಗಡಿಯಾರ ತನ್ನ ಕೈಗವಸನ್ನು ಒಮ್ಮೆ ತೆಗೆದು ಮತ್ತೆ ಹಾಕಿಕೊಂಡ. ಅಳಿಯ ಗೋಡೆ ಬಿಟ್ಟು ಆಚೆ ಹೋದ. ಸೀಟು ಕೈತಪ್ಪುವ ಹಾಗೆ ಕಂಡರೆ ಯಾರಿಗಾದರೂ ಮುಖ ಸಪ್ಪಗಾಗುವುದೇ, ಅದರಲ್ಲೇನು ವಿಶೇಷ ಎಂದುಕೊಂಡೆ ನಾನು.

"ಒಂಬತ್ತರಲ್ಲಿ ಆರು ಸಿಕ್ತು" ಅಂದಳು ಹೆಂಡತಿ. "ಮೂರು ಎಲ್ಲಿ? ಇನ್ನೊಂದ್ಸಲ ಒಟ್ಟು ತೂಕ ನೋಡೋಣ."

"ಸಮಯ ಇಲ್ಲ ಮೇಡಂ! ನಾಲ್ಕೂ ಸ್ಪ್ರಿಂಗ್ ಹೊಸದಾಗಿ ಹೊಂದಿಸಬೇಕು. ನಾವು ಒಟ್ಟು ನೋಡೋದೇ ಇಲ್ಲ, ಕಾಲಿಗೆ ಕಾಲು ಸಮ ಇದ್ರೆ ಆಯ್ತು. ಮೂರು ಕಿಲೋ ನಿಮ್ಮ ಮನೆ ತಕ್ಕಡೀದೇ ಇರಬೇಕು."

ಅವಳ ತಕ್ಕಡಿಯ ಬಗ್ಗೆ ಹಾಗೆ ಮಾತಾಡಿ ಬದುಕಿದವರು ಕಡಿಮೆ. ಉರಿಯುವ ಬೆಂಕಿಗೆ ನಾನೂ ತುಪ್ಪ ಸುರಿದೆ.

"ಓಡಾಟದಲ್ಲಿ ಇಳಿದಿರಬಹುದು ಕಣೇ. ಸ್ವಲ್ಪ ಸಣ್ಣಗೆ ಕಾಣ್ತಿದೀಯ."

"ನೀವು ಸುಮ್ಮನಿರಿ" ಅಂದಳು. ಸುಮ್ಮನಾದೆ.

ಮಧ್ಯಾಹ್ನ ಎರಡಕ್ಕೆ ಅರ್ಹತಾ ಓಟ ಶುರುವಾಯಿತು. ಎಲ್ಲರ ಕಣ್ಣು ಸಮಯದ ಪರದೆಯ ಮೇಲೆ. ಗಡಿಯಾರ ಮೊದಲು ಹೋದ. ಒಂದು ನಿಮಿಷ ನಲವತ್ತೊಂದು ಸೆಕೆಂಡು, ಮೇಲೆ ಎರಡು ಹತ್ತಾಂಶ. ಅವನಿಗೆ ಸಮನಾಗಿ ಬೇರೆ ತಂಡದವರೊಬ್ಬರೂ ಇರಲಿಲ್ಲ.

ಆಮೇಲೆ ನಮ್ಮ ಹುಡುಗಿ. ಮೊದಲ ಎಡ ತಿರುವಿನಲ್ಲಿ ಕಾರಿನ ಮೂಗು ಹೇಳಿದ ಮಾತು ಕೇಳಿತು. ಬಲ ತಿರುವಿನಲ್ಲಿ ಬಾಲ ಕದಲಲಿಲ್ಲ. ಹೊಸ ಬಟ್ಟೆಯ ಮೇಲೆ ಹರಿತವಾದ ಕತ್ತರಿ ಹೋದ ಹಾಗೆ ಹೋದಳು. ರೇಡಿಯೋದಲ್ಲಿ ಅವಳ ದನಿ ಬಂತು: "ಮೇಸ್ತ್ರಿ, ಇದು ನಂದೇ ಕಾರಾ? ಬದಲಾಯಿಸಿ ಕೊಟ್ಟಿಲ್ಲ ತಾನೆ?"

ಮೇಸ್ತ್ರಿ ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡ.

ನಾನು ಹೆಂಡತಿಯ ಕಡೆ ತಿರುಗಿದೆ, ಖುಷಿ ಹಂಚಿಕೊಳ್ಳೋಣವೆಂದು. ಅವಳು ಪರದೆಗೆ ಬೆನ್ನು ಹಾಕಿ, ಗೋಡೆಯ ಮೇಲಿನ ಒಂದು ಫೋಟೋ ನೋಡುತ್ತಿದ್ದಳು. ಗೆದ್ದ ದಿನ ತೆಗೆದದ್ದು. ಹುಡುಗಿ ಕಪ್ಪನ್ನು ಒಂದೇ ಕೈಯಲ್ಲಿ, ಎರಡು ಬೆರಳಿನಲ್ಲಿ ಹಿಡಿದು ತಲೆಯ ಮೇಲೆ ಆಡಿಸುತ್ತಿದ್ದಾಳೆ.

"ಅಲ್ಲಿ ಮಗು ದಾಖಲೆ ಮುರೀತಿದಾಳೆ, ನೀನು ಗೋಡೆ ನೋಡ್ತೀಯಲ್ಲೇ!"

"ಆರು ಕಿಲೋನ ಎರಡು ಬೆರಳಲ್ಲಿ ಎತ್ತಕ್ಕಾಗುತ್ತೇನ್ರೀ?"

ನಾನು ಉತ್ತರ ಹೇಳುವಷ್ಟರಲ್ಲಿ ಗ್ಯಾರೇಜೇ ಕಿತ್ತುಹೋಗುವ ಹಾಗೆ ಕೂಗು ಎದ್ದಿತು. ಒಂದು ನಿಮಿಷ ನಲವತ್ತು ಸೆಕೆಂಡು, ಒಂಬತ್ತು ಹತ್ತಾಂಶ. ಗಡಿಯಾರನಿಗಿಂತ ಮುಂದೆ! ಎಲ್ಲರಿಗಿಂತ ಮುಂದೆ! ಯಜಮಾನರು ಮೇಸ್ತ್ರಿಯನ್ನು ಅಪ್ಪಿಕೊಂಡರು. ನಾನು ಯಾರನ್ನು ಅಪ್ಪಿಕೊಂಡೆನೋ ಇವತ್ತಿಗೂ ಗೊತ್ತಿಲ್ಲ, ಯಾವುದೋ ಬೇರೆ ತಂಡದವನು. ಅರವತ್ತು ದಾಟಿದವನು ನಾನು, ಟೈರುಗಳ ಗುಡ್ಡೆಯ ಸುತ್ತ ಕುಣಿದೆ.

ಕುಣಿದು ಬರುವಷ್ಟರಲ್ಲಿ ಹೆಂಡತಿ ಕಪ್ಪನ್ನು ಬುಡಮೇಲು ಮಾಡಿ ಮಡಿಲಲ್ಲಿಟ್ಟುಕೊಂಡಿದ್ದಳು.

"ನಿಮ್ಮ ಸಣ್ಣ ಕತ್ತರಿ ಕೊಡಿ."

ಬುಡಕ್ಕೆ ಹಸಿರು ಬಟ್ಟೆ ಅಂಟಿಸಿತ್ತು. ಬಟ್ಟೆಯ ವಿಷಯ ನನಗೆ ಬಿಡಿ. ಹೊಸದು, ಅಂಟು ಕೂಡ ಹೊಸದು. ಅಂಚಿಗೆ ಕತ್ತರಿ ತೂರಿಸಿ ಎಬ್ಬಿಸಿದೆ. ಒಳಗಿನ ಟೊಳ್ಳಿನಿಂದ ಬೂದುಬಣ್ಣದ ಒಂದು ದಪ್ಪ ತಗಡು ಅವಳ ಅಂಗೈಗೆ ಜಾರಿತು. ಸೀಸ. ಪುಟ್ಟ ಪುಸ್ತಕದಷ್ಟಿತ್ತು, ಆದರೆ ಅವಳ ಕೈ ಕೆಳಗೆ ಬಾಗಿತು.

"ಮೂರು ಕಿಲೋ" ಅಂದಳು, ತೂಗದೆಯೇ.

ತಗಡಿನ ಮೇಲೆ ಒಂದು ಸಂಖ್ಯೆ ಕೊರೆದಿತ್ತು. ನಮ್ಮ ಹುಡುಗಿಯ ಕಾರಿನ ಸಂಖ್ಯೆ.

ಬಂದು ನೋಡಿದ ಮೇಸ್ತ್ರಿ ಆ ಸಂಖ್ಯೆಯ ಮೇಲೆ ಬೆರಳಾಡಿಸಿದ. "ಇದು ಅವರ ಸೀಟಿನ ಕೆಳಗೆ ಬಿಗಿದಿದ್ದ ತಗಡು. ಕಾರು, ಚಾಲಕರು ಸೇರಿ ಇಂತಿಷ್ಟು ತೂಗಲೇಬೇಕು ಅಂತ ನಿಯಮ. ಅವರು ಹಗುರ, ಅದಕ್ಕೆ ಸೀಸ ಹಾಕ್ತೀವಿ. ಇದು ಇಲ್ಲಿದ್ರೆ..."

"ಕಾರು ಮೂರು ಕಿಲೋ ಕಡಿಮೆ ಇದೆ" ಅಂದಳು ಹೆಂಡತಿ. "ಆರು ಇಲ್ಲಿ, ಮೂರು ಅಲ್ಲಿ. ಒಂಬತ್ತು. ನನ್ನ ತಕ್ಕಡಿ ಸರಿಯಾಗೇ ಇದೆ."

"ಇಷ್ಟು ದಿನ ಯಾರೂ ಹಿಡೀಲಿಲ್ವಲ್ಲ?" ನಾನು ಕೇಳಿದೆ.

"ಅಧಿಕಾರಿಗಳು ಮೊದಲ ಮೂರು ಸ್ಥಾನದವರ ಕಾರನ್ನ ಮಾತ್ರ ತೂಗೋದು, ಟೈಲರ್ ಸಾರ್" ಅಂದ ಮೇಸ್ತ್ರಿ. "ಅಕ್ಕೋರು ಮೂರರ ಹತ್ರಕ್ಕೂ ಬಂದಿರಲಿಲ್ಲ."

ಸೋಲುತ್ತಿರುವ ತನಕ ಅವಳಿಗೆ ಏನೂ ಆಗುತ್ತಿರಲಿಲ್ಲ. ಗೆದ್ದ ದಿನವೇ ಸಿಕ್ಕಿಬೀಳಲಿ ಎಂದು ಯಾರೋ ಜೋಡಿಸಿಟ್ಟ ಬಲೆ ಇದು. ತೂಕ ಕಡಿಮೆ ಬಂದರೆ ಅವಳ ಸಮಯ ರದ್ದು, ಸೀಟು ಅಳಿಯನಿಗೆ, ಮೇಲೆ ಮೋಸಗಾರ್ತಿ ಎಂಬ ಹೆಸರು.

ಹೊರಗೆ ಅವಳ ಕಾರು ಆಗಲೇ ಅಧಿಕಾರಿಗಳ ಅಂಗಳದಲ್ಲಿ ನಿಂತಿತ್ತು. ಅಲ್ಲಿ ತಂಡದ ಯಾರೂ ಕಾರನ್ನು ಮುಟ್ಟುವಂತಿಲ್ಲ. ಹುಡುಗಿ ಹೆಲ್ಮೆಟ್ ತೆಗೆದು, ಬೆವರಿದ ಮುಖದಲ್ಲಿ ನಗುತ್ತ ನಮ್ಮತ್ತ ಕೈ ಬೀಸಿದಳು.

ಮೇಸ್ತ್ರಿ ನನ್ನ ತೋಳು ಹಿಡಿದು ಪಿಸುಗುಟ್ಟಿದ. "ಚಾಲಕರನ್ನೂ ಸೇರಿಸೇ ತೂಗ್ತಾರೆ, ಸಾರ್. ಕಾರು ಮುಟ್ಟಂಗಿಲ್ಲ, ಆದ್ರೆ ಮನೆಯವರು ಹೋಗಿ ಅಪ್ಪಿಕೊಂಡ್ರೆ ಯಾರೂ ಕೇಳಲ್ಲ. ಅವರ ಸೂಟ್ ಹೊಲಿದೋರು ನೀವು. ಒಳಗಿನ ಜೇಬು ಎಲ್ಲಿದೆ ಅಂತ ನಿಮಗೆ ಗೊತ್ತು."

ಗೊತ್ತಿತ್ತು. ಎಡಗಡೆ, ಪಕ್ಕೆಯ ಕೆಳಗೆ, ಪುಟ್ಟ ಪುಸ್ತಕವೊಂದು ಹಿಡಿಸುವಷ್ಟು. ಒಂದು ಅಪ್ಪುಗೆ ಸಾಕು. ಸುಳ್ಳೇನಲ್ಲವಲ್ಲ, ಅವಳದೇ ಸೀಸ, ಅವಳಿಂದ ಕದ್ದದ್ದು, ಅವಳಿಗೇ ವಾಪಸ್. ನಾನು ಹೆಂಡತಿಯ ಮುಂದೆ ಕೈ ಚಾಚಿದೆ.

ಅವಳು ನನ್ನ ಕೈ ನೋಡಿದಳು. ಅಂಗಳದಲ್ಲಿ ನಗುತ್ತಿದ್ದ ಹುಡುಗಿಯನ್ನು ನೋಡಿದಳು. ಮೂವತ್ತು ವರ್ಷ ಯಾರ ಸುಳ್ಳು ತೂಕವನ್ನೂ ಬಿಡದವಳ ಗಲ್ಲ ನಡುಗಿದ್ದನ್ನು ಅವತ್ತು ನಾನು ಮೊದಲ ಸಲ ಕಂಡೆ.

"ಆಗಲ್ಲ ರೀ" ಅಂದಳು ಮೆಲ್ಲಗೆ. "ಅವಳು ನಿಜವಾಗಿ ಗೆದ್ದಿದಾಳೆ. ಅದನ್ನ ನಾವೇ ಸುಳ್ಳು ಮಾಡೋದು ಬೇಡ."

ಸೀಸ ಹಿಡಿದುಕೊಂಡೇ ಅಂಗಳದ ಹಗ್ಗದ ತನಕ ನಡೆದಳು. ನಾನು ಹಿಂದೆ ಹಿಂದೆ ಹೋದೆ. ತೂಕದ ಅಧಿಕಾರಿ ಕಾಗದ ತಿರುವಿ, ದಿನಾ ಕೇಳುವ ಪ್ರಶ್ನೆಯನ್ನು ದಿನಾ ಕೇಳುವ ದನಿಯಲ್ಲೇ ಕೇಳಿದರು.

"ತೂಕಕ್ಕೆ ಮುಂಚೆ ಈ ತಂಡದ ಕಡೆಯಿಂದ ಏನಾದ್ರೂ ಹೇಳೋದಿದೆಯಾ?"

ಹೆಂಡತಿ ಸೀಸವಿದ್ದ ಕೈಯನ್ನೇ ಎತ್ತಿದಳು.

"ಇದೆ."

ಹುಡುಗಿ ಇನ್ನೂ ನಗುತ್ತಲೇ ಇದ್ದಳು, ಅವಳಿಗೆ ಏನೂ ಅರ್ಥವಾಗಿರಲಿಲ್ಲ. ಯಜಮಾನರ ಕನ್ನಡಕ ಮೂಗಿನ ತುದಿಗೆ ಜಾರಿತು. ಅಧಿಕಾರಿ ಪೆನ್ನು ಎತ್ತಿದರು.

ಅಷ್ಟರಲ್ಲಿ ಪಕ್ಕದ ಕಾರಿನಿಂದ ಇಳಿದವನೊಬ್ಬ ಹೆಲ್ಮೆಟ್ ಕಳಚಿ ಹಗ್ಗದ ಹತ್ತಿರ ಬಂದ. ಸುತ್ತು ಸುತ್ತಿಗೂ ಒಂದೇ ಸಮಯ ಕಾಯ್ದುಕೊಳ್ಳುವ ಗಡಿಯಾರ ಅಷ್ಟು ದೂರ ಬರುವಷ್ಟರಲ್ಲಿ ಎರಡು ಸಲ ತಡೆದು ನಿಂತಿದ್ದ.

"ಅಮ್ಮ, ನೀವು ಕೈ ಇಳಿಸಿ" ಅಂದ. "ಆ ಸೀಸ ಕದ್ದೋನು ನಾನು. ಅದನ್ನ ಹೇಳಬೇಕಾದೋನೂ ನಾನೇ."